ಗಂಟಲು ತೆರೆದರೆ ಸಾಲದು, ತೆರೆದು ನಿಲ್ಲಬೇಕು: ಹರಾಜಿಗೆ ಮುಂಚೆ ಮೂರು ರೇಸ್ ಮರಿಗಳಿಗೆ ಮಾಡಿಸಿದ ಸ್ಕೋಪ್

ಈ ಸಲ ಹರಾಜಿಗೆ ಕಳಿಸಬೇಕೆಂದಿದ್ದ ಮೂರು ರೇಸ್ ಕುದುರೆ ಮರಿಗಳಿಗೆ ಉಸಿರುದಾರಿಯ ಪರೀಕ್ಷೆ ಮಾಡಿಸಿದೆ. ನಮ್ಮ ಬಾಯಲ್ಲಿ ಅದು ಬರೀ ‘ಸ್ಕೋಪ್’. ಮಾಡಿದವರು ಒಬ್ಬ ಡಾಕ್ಟರಮ್ಮ ಮತ್ತು ಅವರ ಸಹಾಯಕ ಹುಡುಗ. ಲಾಯಕ್ಕೇ ಬಂದು ನೋಡಿದರು, ಹನ್ನೆರಡು ದಿನ ಬಿಟ್ಟು ಮತ್ತೆ ಬಂದು ಇನ್ನೊಮ್ಮೆ ನೋಡಿದರು. ಇದರ ಬಗ್ಗೆ ಬರೆಯಲಾ ಅಂತ ಕೇಳಿದ್ದಕ್ಕೆ, “ಬರೀರಿ ಅಕ್ಕ, ಆದ್ರೆ ನನ್ನ ಹೆಸರು ಬೇಡ. ಹೇಗೆ ಮಾಡಿದ್ವಿ ಅನ್ನೋದನ್ನ ಬರೀರಿ, ಬೇರೆಯವರ ಹತ್ರ ಮಾಡಿಸೋರಿಗೂ ಉಪಯೋಗಕ್ಕೆ ಬರುತ್ತೆ” ಅಂದರು. ಅವರ ಮಾತಿನಂತೆ ಹೆಸರಿಲ್ಲದೆ ಬರೆಯುತ್ತಿದ್ದೇನೆ.

ಎರಡೆರಡು ಸಲ ನೋಡಿಸಬೇಕು ಅಂತ ನಾನು ಪಟ್ಟು ಹಿಡಿದದ್ದು ನಾಲ್ಕು ವರ್ಷದ ಹಿಂದಿನ ಒಂದು ಗಂಡು ಮರಿಯಿಂದ. ನನ್ನ ಲಾಯದಲ್ಲಿ ಹುಟ್ಟಿದ ಮರಿಗಳಲ್ಲೆಲ್ಲ ನಡಿಗೆಯಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಎತ್ತರ, ಉದ್ದ ಕುತ್ತಿಗೆ, ಹೆಜ್ಜೆ ಹಾಕಿದರೆ ನೆಲ ನುಂಗುವ ಹಾಗೆ. ಹರಾಜಿಗೆ ಮುಂಚೆ ಒಬ್ಬ ಡಾಕ್ಟರನ್ನು ಕರೆಸಿದ್ದೆ. ಅವರು ಬಂದರು, ಮೂಗಿನೊಳಗೆ ಸ್ಕೋಪ್ ಇಳಿಸಿದರು, ಒಂದು ನಿಮಿಷವೂ ಆಗಿರಲಿಲ್ಲ, ಹೊರಗೆ ತೆಗೆದರು. “ಗಂಟಲು ಸರಿಯಿದೆ” ಅಂತ ಒಂದು ಸಾಲು ಬರೆದುಕೊಟ್ಟರು. ನಾನು ನಂಬಿದೆ. ಮರಿ ಒಳ್ಳೆಯ ಬೆಲೆಗೆ ಹೋಯಿತು. ಹರಾಜಾದ ಮೇಲೆ ಕೊಂಡವರು ತಮ್ಮ ಡಾಕ್ಟರಿಂದ ಮತ್ತೆ ಸ್ಕೋಪ್ ಮಾಡಿಸಲು ಗೊತ್ತುಪಡಿಸಿದ ಅವಧಿ ಇರುತ್ತದಲ್ಲ, ಆ ಅವಧಿಯೊಳಗೆ ನನಗೆ ಫೋನ್ ಬಂತು. ಹೋಗಿ ನೋಡಿದೆ. ಕೊಂಡವರ ಡಾಕ್ಟರು ನನ್ನನ್ನು ಪರದೆಯ ಮುಂದೆ ನಿಲ್ಲಿಸಿ ಮರಿಗೆ ಗುಟುಕು ನುಂಗಿಸಿದರು. ನುಂಗಿದ ಕೂಡಲೇ ಗಂಟಲಲ್ಲಿ ಶ್ವಾಸನಾಳದ ಬಾಗಿಲಿಗಿರುವ ಎರಡೂ ಕಡೆಯ ಕದ ಅಗಲವಾಗಿ ತೆರೆದವು. ನನ್ನ ಮನಸ್ಸಿಗೆ ಸಮಾಧಾನವಾಯಿತು. “ಈಗ ಎಣಿಸಿ” ಅಂದರು. ಮೂರು ಎಣಿಸುವಷ್ಟರಲ್ಲಿ ಎಡಗಡೆಯದು ಸುಸ್ತಾದ ರೆಪ್ಪೆಯ ಹಾಗೆ ಕೆಳಗೆ ಜಾರಿತು. ಬಲಗಡೆಯದು ಗಟ್ಟಿಯಾಗಿ ನಿಂತೇ ಇತ್ತು.

ವ್ಯಾಪಾರ ಮುರಿಯಿತು. ಮರಿ ಹೋದ ಲಾರಿಯಲ್ಲೇ ಮನೆಗೆ ಬಂತು.

ಕೊಂಡವರದು ತಪ್ಪು ಅಂತ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕುದುರೆ ಬಾಯಿಂದ ಉಸಿರಾಡುವ ಪ್ರಾಣಿಯಲ್ಲ. ಅದರ ಮೃದು ಅಂಗುಳ ಬಾಯಿಯನ್ನೂ ಮೂಗಿನ ದಾರಿಯನ್ನೂ ಬೇರೆ ಮಾಡಿಬಿಟ್ಟಿದೆ, ಅದರ ಮೇಲೆ ಎಪಿಗ್ಲಾಟಿಸ್ ಅನ್ನುವ ಎಲೆಯಾಕಾರದ ಮುಚ್ಚಳ ಕೂತಿರುತ್ತದೆ. ಏನಿದ್ದರೂ ಮೂಗಿನಿಂದಲೇ ಬರಬೇಕು. ನಿಂತಾಗ ನಿಮಿಷಕ್ಕೆ ಹತ್ತು ಹನ್ನೆರಡು ಸಲ ಉಸಿರಾಡುವ ಕುದುರೆ ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರಿನಂತೆ ನಿಮಿಷಕ್ಕೆ 120ಕ್ಕೂ ಹೆಚ್ಚು ಸಲ ಉಸಿರಾಡುತ್ತದೆ. ಆಗ ಆ ಒಂದೇ ದಾರಿಯಲ್ಲಿ ನಿಮಿಷಕ್ಕೆ 1500 ಲೀಟರಿಗೂ ಹೆಚ್ಚು ಗಾಳಿ ಓಡಾಡುತ್ತದೆ. ಅಷ್ಟು ಗಾಳಿ ಹಾಯುವ ಬಾಗಿಲಲ್ಲಿ ಒಂದು ಕದ ಅರ್ಧ ಮುಚ್ಚಿಕೊಂಡರೆ ಆ ಜೀವಕ್ಕೆ ಏನಾಗಬೇಡ? ನಮ್ಮ ಆ ಮರಿಗೆ ಎರಡೂವರೆ ವರ್ಷವಾದಾಗ ಹದವಾದ ಓಟಕ್ಕೆ, ಅಂದರೆ ಕ್ಯಾಂಟರ್‌ಗೆ ಬಿಟ್ಟೆವು. ಉಸಿರು ಒಳಗೆ ಎಳೆದಾಗಲೆಲ್ಲ ಒಣಮರಕ್ಕೆ ಗರಗಸ ಹಾಕಿದ ಸದ್ದು. ಸವಾರ ಇಳಿದ ಮೇಲೂ ಆ ಸದ್ದು ಸ್ವಲ್ಪ ಹೊತ್ತು ಇತ್ತು. ಅದರ ಕಣ್ಣಿನಲ್ಲಿದ್ದ ಗಾಬರಿ ನಾನು ಮರೆಯುವಂಥದ್ದಲ್ಲ. ಮುಂದೆ ಆಪರೇಷನ್ ಮಾಡಿಸಿದೆ, ಈಗ ಸವಾರಿ ಕಲಿಯುವವರನ್ನು ಹೊತ್ತುಕೊಂಡು ನಿಧಾನವಾಗಿ, ನೆಮ್ಮದಿಯಾಗಿ ಓಡಾಡಿಕೊಂಡಿದೆ. ರೇಸಿಗೆ ಅದು ಹೋಗಲಿಲ್ಲ.

ಈ ಕಾಯಿಲೆಗೆ ರೋರಿಂಗ್ ಅಂತ ಹಳೆಯ ಹೆಸರು. ಗಂಟಲ ಕದ ತೆರೆಯುವ ಸ್ನಾಯುವಿಗೆ ಹೋಗುವ ನರ ಸೊರಗುವುದರಿಂದ ಬರುವುದು. ಹೆಚ್ಚೂಕಡಿಮೆ ಯಾವಾಗಲೂ ಎಡಗಡೆಯೇ ಏಕೆ ಅನ್ನುವುದನ್ನು ಡಾಕ್ಟರಮ್ಮ, ಕುದುರೆಗಳನ್ನು ನೋಡಿಕೊಳ್ಳುವ ನಮ್ಮ ಸೈಸ್‌ಗೆ ಅರ್ಥವಾಗುವ ಹಾಗೆ ಹೇಳಿದರು. ಮಿದುಳಿನಿಂದ ಹೊರಟ ಎಡಗಡೆಯ ನರ ಸೀದಾ ಗಂಟಲಿಗೆ ಹೋಗುವುದಿಲ್ಲ. ಕುತ್ತಿಗೆಯುದ್ದಕ್ಕೂ ಇಳಿದು, ಎದೆಯೊಳಗೆ ಹೋಗಿ, ಹೃದಯದಿಂದ ಹೊರಟ ಮಹಾಪಧಮನಿಯನ್ನು ಬಳಸಿಕೊಂಡು ಮತ್ತೆ ಅಷ್ಟೂ ದೂರ ಮೇಲಕ್ಕೆ ಬರುತ್ತದೆ. ಬಲಗಡೆಯದು ಅದಕ್ಕಿಂತ ಮೊದಲೇ ತಿರುಗಿಬಿಡುತ್ತದೆ. ದೊಡ್ಡ ಕುದುರೆಯಲ್ಲಿ ಎಡನರದ ಉದ್ದ ಎರಡು ಮೀಟರ್ ದಾಟುತ್ತದೆ. ಎತ್ತರದ, ಉದ್ದ ಕುತ್ತಿಗೆಯ ಕುದುರೆಗಳಲ್ಲಿ ಈ ತೊಂದರೆ ಹೆಚ್ಚು, ಗಿಡ್ಡ ತಳಿಯ ಪೋನಿಗಳಲ್ಲಿ ಅಪರೂಪ. ಹರಾಜಿನಲ್ಲಿ ಯಾವ ಮರಿಯನ್ನು ಕಂಡು ಎಲ್ಲರೂ ತಲೆ ತಿರುಗಿಸುತ್ತಾರೋ ಅದರ ಗಂಟಲನ್ನೇ ಹೆಚ್ಚು ಹೊತ್ತು ನೋಡಬೇಕು.

ಇನ್ನು ಪರೀಕ್ಷೆಯ ದಿನ. ಬೆಳಿಗ್ಗೆ ಮೇವು ಹಾಕುವ ಮುಂಚೆ ಬರುತ್ತೇವೆ, ಅಲ್ಲಿಯವರೆಗೆ ಏನೂ ಕೊಡಬೇಡಿ ಅಂದಿದ್ದರು. ಗಂಟಲಲ್ಲಿ ಹುಲ್ಲಿನ ಚೂರು ಅಂಟಿಕೊಂಡಿದ್ದರೆ ನೋಡುವುದು ಕಷ್ಟ. ಬಂದವರು ಸ್ಕೋಪ್ ಪೆಟ್ಟಿಗೆ ತೆರೆಯುವ ಮೊದಲು ಪುಸ್ತಕ ತೆರೆದರು. ಎರಡು ವಾರದಲ್ಲಿ ಕೆಮ್ಮು ಇತ್ತಾ, ಮೂಗು ಸೋರಿತ್ತಾ, ಜ್ವರ ಬಂದಿತ್ತಾ ಅಂತ ಒಂದೊಂದೇ ಕೇಳಿದರು. ಆಮೇಲೆ ನನ್ನನ್ನು ಇದುವರೆಗೆ ಯಾರೂ ಕೇಳದ ಒಂದು ಪ್ರಶ್ನೆ: “ಕುತ್ತಿಗೆಯ ನಾಳಕ್ಕೆ ಇಂಜೆಕ್ಷನ್ ಕೊಟ್ಟಾಗ ಯಾವತ್ತಾದ್ರೂ ಔಷಧಿ ಹೊರಗೆ ಹೋಗಿ ಊದಿಕೊಂಡಿತ್ತಾ?” ಆ ರಕ್ತನಾಳದ ಹತ್ತಿರವೇ ಗಂಟಲಿನ ನರ ಹಾದುಹೋಗುತ್ತದಂತೆ, ಔಷಧಿ ಅಲ್ಲಿ ಚೆಲ್ಲಿದರೆ ನರವನ್ನೇ ಸುಟ್ಟುಹಾಕಬಹುದಂತೆ. ಅಷ್ಟು ವರ್ಷ ಮರಿ ಸಾಕಿದರೂ ನನಗೆ ತಿಳಿದಿರಲಿಲ್ಲ. ಅವತ್ತಿನಿಂದ ನಮ್ಮಲ್ಲಿ ಕುತ್ತಿಗೆಗೆ ಸೂಜಿ ಹಾಕಿದ ದಿನವನ್ನೂ ಊತವನ್ನೂ ಬರೆದಿಡುವ ರೂಢಿ ಮಾಡಿದ್ದೇನೆ.

ಆಮೇಲೆ ಬರಿಗೈ ಪರೀಕ್ಷೆ. ದವಡೆಯ ಹಿಂದೆ, ಗಂಟಲಿನ ಎರಡೂ ಪಕ್ಕಕ್ಕೆ ಬೆರಳು ಇಟ್ಟು ಕಣ್ಣು ಮುಚ್ಚಿಕೊಂಡರು. ಸ್ನಾಯು ಸೊರಗಿದ್ದರೆ ಅದರ ಅಡಿಯ ಮೃದ್ವಸ್ಥಿಯ ಮೊನೆ ಬೆರಳಿಗೆ ಚೂಪಾಗಿ ಸಿಗುತ್ತದೆ. ನನ್ನ ಬೆರಳನ್ನೂ ಹಿಡಿದು ಅಲ್ಲೇ ಇಟ್ಟರು. ಮೊದಲನೆಯ ಮರಿಯಲ್ಲಿ ಎರಡೂ ಕಡೆ ಒಂದೇ ಥರ ಮೆತ್ತಗಿತ್ತು. ಮೂರನೆಯದರಲ್ಲಿ ಎಡಗಡೆ ಮಾತ್ರ ಅಕ್ಕಿಕಾಳಿನ ಹಾಗೆ ಏನೋ ಬೆರಳಿಗೆ ತಾಗಿತು. ಸ್ಕೋಪ್ ಇಳಿಸುವ ಮುಂಚೆಯೇ ನನ್ನ ಎದೆ ಢವಗುಟ್ಟಿತು.

ಮಂಪರು ಇಂಜೆಕ್ಷನ್ ಕೊಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮರಿ ಸುಮ್ಮನೆ ನಿಲ್ಲಲಿ ಅಂತ ಮಂಪರು ಕೊಟ್ಟು ನೋಡುವವರು ಇದ್ದಾರೆ. ಮಂಪರು ಗಂಟಲ ಸ್ನಾಯುವನ್ನೂ ಸಡಿಲಗೊಳಿಸುತ್ತದೆ, ಸರಿಯಿರುವ ಗಂಟಲೂ ವಾಲಿದ ಹಾಗೆ ಕಾಣಬಹುದು. ಗಂಟಲು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕಾದರೆ ಮರಿ ಎಚ್ಚರವಾಗಿರಲೇಬೇಕು. ನಮ್ಮ ಸೈಸ್ ಮರಿಯ ತಲೆಯ ಹತ್ತಿರ ನಿಂತ, ಸಹಾಯಕ ಹುಡುಗ ಮೇಲ್ದುಟಿಗೆ ಟ್ವಿಚ್, ಅಂದರೆ ಮರಿ ಅಲುಗದಂತೆ ತುಟಿಯನ್ನು ಬಿಗಿಯಾಗಿ ಹಿಡಿಯುವ ಸಾಧನ, ಹಾಕಿದ. ಮೊದಲನೆಯ ಮರಿಗೆ ಅದೂ ಬೇಕಾಗಲಿಲ್ಲ, ಸೈಸ್ ಕಿವಿಯ ಬುಡ ಕೆರೆಯುತ್ತಾ ಮಾತಾಡಿದ್ದೇ ಸಾಕಾಯಿತು.

ಸ್ಕೋಪ್ ಅಂದರೆ ಕಿರುಬೆರಳಿಗಿಂತ ತೆಳ್ಳಗಿನ, ಸುಮಾರು ಒಂದು ಮೀಟರ್ ಉದ್ದದ ಬಾಗುವ ಕೊಳವೆ, ತುದಿಯಲ್ಲಿ ಬೆಳಕು ಮತ್ತು ಕ್ಯಾಮೆರಾ. ಅದನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು, ಮೂಗಿನ ಹೊಳ್ಳೆಯ ತಳಕ್ಕೆ ಹೆಬ್ಬೆರಳಿಂದ ಒತ್ತಿ ಹಿಡಿದು ನಿಧಾನವಾಗಿ ಬಿಟ್ಟರು. ಕೆಳಗಿನ ದಾರಿ ಬಿಟ್ಟು ಮೇಲಕ್ಕೆ ಹೋದರೆ ಸುರುಳಿಯಂಥ ಮೆತ್ತನೆಯ ಎಲುಬಿಗೆ ತಾಗಿ ರಕ್ತ ಸುರಿಯುತ್ತದೆ. ಹಿಂದೊಮ್ಮೆ ಬೇರೊಬ್ಬರು ಸ್ಕೋಪ್ ಹಾಕಿದಾಗ ಲಾಯದ ಗೋಡೆಯೆಲ್ಲ ರಕ್ತವಾಗಿ ಆ ಮರಿ ತಿಂಗಳುಗಟ್ಟಲೆ ಮೂತಿ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಈ ಸಲ ಮೂರು ಮರಿ, ಎರಡು ಭೇಟಿ, ಆರು ಸಲ ಸ್ಕೋಪ್ ಇಳಿಸಿದರೂ ಒಂದು ಹನಿ ರಕ್ತ ಕಾಣಲಿಲ್ಲ. ಎರಡನೇ ಭೇಟಿಗೆ ಬಂದಾಗ ಮರಿಗಳು ಆ ಡಾಕ್ಟರಮ್ಮನನ್ನು ಕಂಡು ಹಿಂದೆ ಸರಿಯಲಿಲ್ಲ. ನನ್ನ ಮಟ್ಟಿಗೆ ಅವರ ಕೈಗುಣಕ್ಕೆ ಅದೇ ಸಾಕ್ಷಿ.

ಪರದೆಯ ಮೇಲೆ ಕಾಣುವುದು ನಸುಗೆಂಪು ಗುಹೆ. ಅದರ ಕೊನೆಯಲ್ಲಿ ಎಪಿಗ್ಲಾಟಿಸ್, ಅಂಚಿನಲ್ಲಿ ಸಣ್ಣ ಸಣ್ಣ ಅಲೆ, ಮೈಮೇಲೆ ಕೆಂಪು ನಾಳಗಳ ಕವಲು. ಅಂಚು ಮಸುಕಾಗಿ, ಮೇಲೊಂದು ಪೊರೆ ಹೊದ್ದುಕೊಂಡ ಹಾಗಿದ್ದರೆ ಅದು ಬೇರೆ ತೊಂದರೆ, ಆ ಪೊರೆಯನ್ನು ಕತ್ತರಿಸಿ ಸರಿಮಾಡುತ್ತಾರಂತೆ. ನಮ್ಮ ಮೂರರಲ್ಲೂ ಅದು ಇರಲಿಲ್ಲ. ಅದರ ಹಿಂದೆ ಎರಡು ಕದಗಳು, ಆರಿಟಿನಾಯ್ಡ್ ಅಂತ ಹೆಸರು. ಅವು ತೆರೆದಾಗ ನಡುವೆ ಕಪ್ಪನೆಯ ದಾರಿ, ಶ್ವಾಸನಾಳ. ನಾವು ಮರಿಯ ಎದುರಿಗೆ ನಿಂತು ನೋಡಿದ ಹಾಗೇ ಚಿತ್ರ ಬರುವುದರಿಂದ ಮರಿಯ ಎಡಗಡೆ ಪರದೆಯ ಬಲಕ್ಕೆ ಕಾಣುತ್ತದೆ. ನಾನು ಮೊದಲು ತಪ್ಪು ಕಡೆ ನೋಡುತ್ತಿದ್ದೆ, ಡಾಕ್ಟರಮ್ಮ ಪರದೆಯ ಅಂಚಿಗೆ ಟೇಪ್ ಅಂಟಿಸಿ ‘ಎಡ’ ಅಂತ ಬರೆದರು.

ಮೊದಲು ಏನೂ ಮಾಡದೆ ಸುಮ್ಮನೆ ನೋಡಿದರು. ಮರಿ ತನ್ನ ಪಾಡಿಗೆ ಉಸಿರಾಡಿತು. ಆಮೇಲೆ ಸ್ಕೋಪಿನ ಒಳಗಿನ ಕಿಂಡಿಯಿಂದ ಒಂದಿಷ್ಟು ನೀರು ಚಿಮುಕಿಸಿದರು. ಮರಿ ಗುಟುಕ್ ಅಂತ ನುಂಗಿತು, ಪರದೆ ಒಂದು ಕ್ಷಣ ಕೆಂಪಾಯಿತು, ಮರುಕ್ಷಣ ಎರಡೂ ಕದ ಹಾರಿದಂತೆ ತೆರೆದವು. ಹೀಗೆ ಐದು ಸಲ. ಪ್ರತಿ ಸಲವೂ ನುಂಗಿದ ಮೇಲೆ ಬಾಯಲ್ಲಿ ಎಣಿಸುತ್ತಿದ್ದರು. ಕೊನೆಗೆ ಎರಡೂ ಹೊಳ್ಳೆಗಳನ್ನು ಅಂಗೈಯಿಂದ ಮುಚ್ಚಿ ಅರ್ಧ ನಿಮಿಷದಷ್ಟು ಹಿಡಿದರು. ಮರಿ ಗಾಳಿಗಾಗಿ ಎಳೆಯುವಾಗ ಗಂಟಲು ತನ್ನ ಪೂರ್ತಿ ಶಕ್ತಿಯಲ್ಲಿ ತೆರೆಯಬೇಕು, ಓಟದ ಹೊರೆಗೆ ನಿಂತಲ್ಲೇ ಕೊಡಬಹುದಾದ ಹತ್ತಿರದ ಪರೀಕ್ಷೆ ಅದು. ಕೈ ಬಿಟ್ಟಾಗ ಮರಿ ಉದ್ದಕ್ಕೆ ಉಸಿರು ಬಿಟ್ಟಿತು, ಅದರ ಬಿಸಿ ನನ್ನ ಮೊಣಕೈಗೆ ತಾಗಿತು.

ಒಂದು ಮರಿಗೆ ಆರೇಳು ನಿಮಿಷ. ಹಳೆಯ ಡಾಕ್ಟರ ಆ ಒಂದು ನಿಮಿಷಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬರೀ ಸಮಯದ್ದಲ್ಲ, ದರ್ಜೆಯದ್ದು. 2003ರ ಹ್ಯಾವ್‌ಮೇಯರ್ ಕಾರ್ಯಾಗಾರದಲ್ಲಿ ತಜ್ಞರು ಸೇರಿ ಒಪ್ಪಿಕೊಂಡ ಅಳತೆಯಲ್ಲಿ ಗಂಟಲಿಗೆ 1ರಿಂದ 4ರವರೆಗೆ ದರ್ಜೆ. ಎರಡೂ ಕದ ಒಟ್ಟೊಟ್ಟಿಗೆ, ಸಮವಾಗಿ, ಪೂರ್ತಿ ತೆರೆದರೆ 1. ಒಂದು ಸ್ವಲ್ಪ ಹಿಂದೆಬಿದ್ದರೂ, ನಡುಗಿದರೂ, ಪೂರ್ತಿ ತೆರೆದು ಹಾಗೇ ನಿಂತರೆ 2. ಪೂರ್ತಿ ತೆರೆಯಲಾರದಿದ್ದರೆ ಅಥವಾ ತೆರೆದು ನಿಲ್ಲಲಾರದಿದ್ದರೆ 3. ಅಲ್ಲಾಡುವುದೇ ಇಲ್ಲದಿದ್ದರೆ 4. ಇದರೊಳಗೆ ಉಪದರ್ಜೆಗಳಿವೆ, ಮಾರುವವರಿಗೂ ಕೊಳ್ಳುವವರಿಗೂ ಮುಖ್ಯವಾದದ್ದು 2.2 ಮತ್ತು 3.1ರ ನಡುವಿನ ಗೆರೆ. ಎರಡರಲ್ಲೂ ಕದ ಬಹಳ ಹೊತ್ತು ಒಂದು ಪಕ್ಕಕ್ಕೆ ವಾಲಿರುತ್ತದೆ. ಎರಡರಲ್ಲೂ ನುಂಗಿದಾಗ ಇಲ್ಲವೇ ಮೂಗು ಮುಚ್ಚಿ ಬಿಟ್ಟಾಗ ಪೂರ್ತಿ ತೆರೆಯುತ್ತದೆ. 2.2 ತೆರೆದು ನಿಲ್ಲುತ್ತದೆ, 3.1 ನಿಲ್ಲುವುದಿಲ್ಲ. ನುಂಗಿಸಿ, ಕಾದು, ಎಣಿಸದೆ ಇದನ್ನು ಹೇಳಲು ಸಾಧ್ಯವೇ ಇಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಮರಿಯ ಗಂಟಲಲ್ಲಿ ನಡೆದದ್ದು ಇದೇ. ಕದ ತೆರೆಯಿತಾ ಅಂತ ನೋಡಿದರು, ನಿಂತಿತಾ ಅಂತ ನೋಡಲಿಲ್ಲ.

ನಮ್ಮ ಕಂದು ಗಂಡು ಮರಿಯದು ಎರಡೂ ಭೇಟಿಯಲ್ಲಿ 1. ಅದರ ಬಗ್ಗೆ ಬರೆಯಲು ಹೆಚ್ಚೇನಿಲ್ಲ, ಹರಾಜಿನಲ್ಲಿ ಮೂರು ಜನ ಡಾಕ್ಟರು ನೋಡಿದರೂ ಅದೇ ಬಂತು.

ಬಿಳಿ ಮೂತಿಯ ಹೆಣ್ಣು ಮರಿ ನನಗೆ ಬಹಳ ಪಾಠ ಕಲಿಸಿತು. ಪರದೆಯಲ್ಲಿ ಅದರ ಗಂಟಲಿನ ಮೇಲ್ಛಾವಣಿ ಕಂಡ ಕೂಡಲೇ ನಾನು ಬೆಚ್ಚಿದೆ. ಮೊಡವೆ ಎದ್ದ ಹಾಗೆ ತುಂಬಾ ಬಿಳಿ ಗುಳ್ಳೆಗಳು. ಡಾಕ್ಟರಮ್ಮ ನಗುತ್ತಾ, “ಇದು ಈ ವಯಸ್ಸಿನ ಮಕ್ಕಳಲ್ಲಿ ಮಾಮೂಲು ಅಕ್ಕ. ಸೋಂಕಿನ ಜೊತೆ ಹೋರಾಡೋದನ್ನ ಗಂಟಲು ಕಲೀತಾ ಇದೆ. ಮರಿ ದೊಡ್ಡದಾದ ಹಾಗೆ ಗುಳ್ಳೆ ತಾನೇ ಮಾಯವಾಗುತ್ತೆ” ಅಂದರು. ಈ ಗುಳ್ಳೆಗಳಿಗೂ 1ರಿಂದ 4ರವರೆಗೆ ಬೇರೆ ದರ್ಜೆ ಇದೆ, ಇದರದ್ದು 3 ಅಂತ ಬರೆದರು. ಕದದ ದರ್ಜೆ ಮೊದಲ ಭೇಟಿಯಲ್ಲಿ 2.2. ಮರಿ ಅವತ್ತು ತುಂಬಾ ಗಾಬರಿಯಾಗಿತ್ತು, ಟ್ವಿಚ್ ಬಿಗಿಯಾಗಿತ್ತು. ಹನ್ನೆರಡು ದಿನದ ಮೇಲೆ ಸಮಾಧಾನವಾಗಿ ನಿಂತಿತು, ಆಗ 2.1, ಅಂದರೆ ಒಂದು ಮೆಟ್ಟಿಲು ಉತ್ತಮ. ಒಂದೇ ಮರಿಯ ಗಂಟಲು ಒಂದೊಂದು ದಿನ ಒಂದೊಂದು ಥರ ಕಾಣುತ್ತದೆ ಅನ್ನುವುದನ್ನು ಕಣ್ಣಾರೆ ಕಂಡೆ. ವರದಿಯಲ್ಲಿ ಎರಡೂ ದಿನದ ದರ್ಜೆಯನ್ನು ಬರೆದರು. ಒಳ್ಳೆಯದನ್ನು ಮಾತ್ರ ಇಟ್ಟುಕೊಳ್ಳೋಣವೇ ಅಂತ ನಾನು ಕೇಳಿಯೂ ಇರಲಿಲ್ಲ, ಆದರೆ ಕೇಳಿದ್ದರೂ ಅವರು ಒಪ್ಪುತ್ತಿರಲಿಲ್ಲ ಅನ್ನುವುದು ಗೊತ್ತು. ಕೊಂಡವರು ಎರಡೂ ವಿಡಿಯೋ ನೋಡಿಯೇ ಕೊಂಡರು, ಆಮೇಲೆ ಒಂದು ತಕರಾರಿಲ್ಲ.

ಮೂರನೆಯದು ಎತ್ತರದ ಕೆಂದು ಗಂಡು ಮರಿ, ಬೆರಳಿಗೆ ಅಕ್ಕಿಕಾಳು ಸಿಕ್ಕಿತ್ತಲ್ಲ, ಅದು. ಮೊದಲ ಗುಟುಕಿಗೆ ಪೂರ್ತಿ ತೆರೆಯಿತು. “ಒಂದು, ಎರಡು…” ಎಡಗಡೆ ಜಾರಿತು. ಎರಡನೆಯ ಗುಟುಕು, ಮತ್ತೆ ಜಾರಿತು. ಮೂಗು ಮುಚ್ಚಿ ಬಿಟ್ಟಾಗ ಸ್ವಲ್ಪ ಹೆಚ್ಚು ಹೊತ್ತು ನಿಂತು ಆಮೇಲೆ ಜಾರಿತು. ಲಾಯದಲ್ಲಿ ಯಾರೂ ಮಾತಾಡಲಿಲ್ಲ. ಡಾಕ್ಟರಮ್ಮ ಸ್ಕೋಪ್ ಹೊರಗೆ ತೆಗೆದು, ಮರಿಯ ಮೂತಿ ಒರೆಸಿ, ಟ್ವಿಚ್ ಬಿಚ್ಚಿಸಿ, ಅದರ ಹಣೆಯ ಮೇಲೆ ಕೈ ಇಟ್ಟುಕೊಂಡೇ ನನ್ನ ಕಡೆ ತಿರುಗಿ, “ಇವತ್ತಿಗೆ 3.1 ಅಕ್ಕ. ಇನ್ನೊಂದ್ಸಲ ನೋಡ್ತೀನಿ. ಆದ್ರೆ ಆಸೆ ಕೊಡೋಕೆ ನನಗೆ ಇಷ್ಟ ಇಲ್ಲ” ಅಂದರು. ಎರಡನೇ ಭೇಟಿಯಲ್ಲೂ ಅದೇ. ಆಗ ಗಂಟಲ ಪಕ್ಕಕ್ಕೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮಾಡಿದರು. ಅದೇ ನರದಿಂದ ನಡೆಯುವ ಪಕ್ಕದ ಇನ್ನೊಂದು ಸ್ನಾಯು ಅದರಲ್ಲಿ ಕಾಣುತ್ತದೆ. ಗಟ್ಟಿಮುಟ್ಟಾದ ಸ್ನಾಯು ಕಪ್ಪಗೆ ಕಾಣಬೇಕು, ಸೊರಗಿದ್ದು ಬೆಳ್ಳಗಾಗುತ್ತದೆ. ಬಲಗಡೆ ಕಪ್ಪು, ಎಡಗಡೆ ಬೂದು. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಅಚ್ಚು ಹಾಕಿಸಿ ಕೊಟ್ಟರು.

ಇಲ್ಲಿ ಅವರು ಹೇಳಿದ ಒಂದು ಮಾತು ಸರಿಯಾಗಿ ಬರೆಯಬೇಕು, ಏಕೆಂದರೆ ಜನ 3 ಅಂದ ಕೂಡಲೇ ಮರಿಯನ್ನು ಬರಖಾಸ್ತು ಮಾಡಿಬಿಡುತ್ತಾರೆ. 3ನೇ ದರ್ಜೆಯ ಎಲ್ಲ ಕುದುರೆಗಳ ಗಂಟಲೂ ಓಟದಲ್ಲಿ ಕುಸಿಯುವುದಿಲ್ಲ. ಕೆಲವು ತಡೆದುಕೊಳ್ಳುತ್ತವೆ, ಕೆಲವು ಕುಸಿಯುತ್ತವೆ. ಅದನ್ನು ತಿಳಿಯುವ ನಿಜವಾದ ದಾರಿ ಓಡುವಾಗಲೇ ನೋಡುವುದು, ಮೂಗಿಗೆ ಸ್ಕೋಪ್ ಕಟ್ಟಿ, ಸವಾರನನ್ನು ಕೂರಿಸಿ ಟ್ರ್ಯಾಕಿನಲ್ಲಿ ಓಡಿಸುತ್ತಾರೆ. ಒಂದೂವರೆ ವರ್ಷದ, ಬೆನ್ನ ಮೇಲೆ ಜೀನು ಕಾಣದ ಮರಿಗೆ ಅದು ಸಾಧ್ಯವಿಲ್ಲ. ಈ ವಯಸ್ಸಿನಲ್ಲಿ ನಿಂತಲ್ಲಿ ನೋಡುವುದಷ್ಟೇ ಇರುವ ದಾರಿ, ಅದರ ಮಿತಿಯನ್ನೂ ವರದಿಯಲ್ಲೇ ಬರೆದಿದ್ದರು. ಹಾಗೇ ಆಪರೇಷನ್ ಬಗ್ಗೆಯೂ ಕೇಳಿದೆ. ದಾರದಿಂದ ಕದವನ್ನು ತೆರೆದ ಸ್ಥಿತಿಯಲ್ಲಿ ಹಿಂದಕ್ಕೆ ಕಟ್ಟುವ ವಿಧಾನ 1970ರಲ್ಲಿ ವರದಿಯಾದದ್ದು, ಈಗಲೂ ಮುಖ್ಯವಾಗಿ ಮಾಡುವುದು ಅದನ್ನೇ. ಆದರೆ ಸದಾ ತೆರೆದಿರುವ ಬಾಗಿಲಿನಿಂದ ಮೇವು, ನೀರು ಶ್ವಾಸನಾಳಕ್ಕೆ ಇಳಿದು ಕೆಮ್ಮು ಹತ್ತಬಹುದು, ಕಟ್ಟು ದಿನ ಕಳೆದಂತೆ ಸಡಿಲವೂ ಆಗಬಹುದು. ಎಳೆಯ ಮರಿಗೆ ಹರಾಜಿನ ಆಸೆಗೆ ಅದನ್ನು ಮಾಡಿಸುವ ಮಾತೇ ಎತ್ತಬೇಡಿ ಅಂದರು. ಆ ನಿಷ್ಠುರ ನನಗೆ ಇಷ್ಟವಾಯಿತು.

ಕೊರತೆಗಳು. ಇರುವುದೊಂದೇ ಸ್ಕೋಪ್. ಒಂದು ಮರಿಯಿಂದ ಇನ್ನೊಂದಕ್ಕೆ ಸೋಂಕು ದಾಟದಂತೆ ಪ್ರತಿ ಸಲವೂ ಔಷಧಿ ದ್ರಾವಣದಲ್ಲಿ ನೆನೆಸಿ, ಆ ದ್ರಾವಣ ಮೂಗಿನ ಪೊರೆಗೆ ಉರಿ ತರಿಸದಂತೆ ಚೆನ್ನಾಗಿ ತೊಳೆಯುತ್ತಾರೆ. ಮಾಡಲೇಬೇಕಾದ ಕೆಲಸ, ಆದರೆ ಮೂರನೆಯ ಮರಿ ಮೇವಿಲ್ಲದೆ ಬಹಳ ಹೊತ್ತು ಕಾಯಬೇಕಾಯಿತು, ಕಾದು ಕಾದು ಬಾಗಿಲು ಒದೆಯಲು ಶುರುಮಾಡಿತು. ಐದಾರು ಮರಿ ಇರುವವರು ಎರಡು ಸ್ಕೋಪ್ ತರಲು ಕೇಳಿ. ವರದಿ ಬರಲು ಹೇಳಿದ್ದಕ್ಕಿಂತ ನಾಲ್ಕು ದಿನ ತಡವಾಯಿತು. ಹರಾಜಿನ ಮನೆಯವರ ಕಡತಕ್ಕೆ ವಿಡಿಯೋ ಸೇರಿಸುವ ಕೊನೆಯ ದಿನ ಹತ್ತಿರ ಬಂದಿತ್ತು, ಆ ನಾಲ್ಕು ದಿನ ನನಗೆ ನಿದ್ದೆ ಸರಿ ಬರಲಿಲ್ಲ. ಇನ್ನೊಂದು, ಮೊದಲ ಕರಡಿನಲ್ಲಿ ಬರೀ ದರ್ಜೆಯ ಅಂಕಿ ಇತ್ತು, ಯಾವ ಅಳತೆಯ ದರ್ಜೆ ಅಂತ ಇರಲಿಲ್ಲ. ಕೆಲವು ಕಡೆ 5 ದರ್ಜೆಯ ಅಳತೆ ಬಳಕೆಯಲ್ಲಿದೆ, ಅದರ 3ಕ್ಕೂ ಇದರ 3ಕ್ಕೂ ಅರ್ಥ ಬೇರೆ. ನಾನು ಕೇಳಿದ ಮೇಲೆ ಅದೇ ದಿನ ತಿದ್ದಿ ಕಳಿಸಿದರು.

ವಿಡಿಯೋ ಮಾತ್ರ ಚೊಕ್ಕ. ಶುರುವಿನಲ್ಲೇ ಮರಿಯ ಮುಖ, ಹಣೆಯ ಸುಳಿ, ಮೈಕ್ರೋಚಿಪ್ಪಿನ ಸಂಖ್ಯೆ ಓದಿದ ಯಂತ್ರದ ಪರದೆ, ದಿನಾಂಕ. ಅಲ್ಲಿಂದ ಕತ್ತರಿಸದೆ ಸ್ಕೋಪ್ ಒಳಗೆ ಹೋಗುವುದರಿಂದ ಹೊರಗೆ ಬರುವವರೆಗೆ. ಇನ್ಯಾವುದೋ ಮರಿಯ ಗಂಟಲು ತೋರಿಸಿದ್ದಾರೆ ಅನ್ನುವ ಅನುಮಾನಕ್ಕೆ ಎಡೆಯೇ ಇಲ್ಲ. ಡಾಕ್ಟರಮ್ಮ ಎಣಿಸುವ ದನಿಯೂ ಅದರಲ್ಲಿ ಕೇಳುತ್ತದೆ. ಹೆಣ್ಣು ಮರಿಯನ್ನು ಕೊಂಡವರು ನನಗೆ ಹೇಳಿದ್ದು, “ಆ ಎಣಿಕೆ ಕೇಳಿದ ಮೇಲೆ ನಮಗೆ ಧೈರ್ಯ ಬಂತಮ್ಮ” ಅಂತ.

ಯಾರಿಂದಲೇ ಮಾಡಿಸಿ, ಪರದೆ ನಿಮಗೆ ಕಾಣುವ ಕಡೆ ಇಡಲು ಹೇಳಿ. ಎಷ್ಟು ಸಲ ನುಂಗಿಸಿದರು ಅಂತ ನೀವೇ ಎಣಿಸಿಕೊಳ್ಳಿ. ಮಂಪರು ಕೊಡುತ್ತೇನೆ ಅಂದರೆ ಏಕೆ ಅಂತ ಕೇಳಿ, ಮರಿ ಅಷ್ಟು ಒರಟಾಗಿದ್ದರೆ ಇನ್ನೊಂದು ದಿನಕ್ಕೆ ಮುಂದೂಡಿ. ಅದಕ್ಕೂ ಮುಂಚೆ ಮನೆಯಲ್ಲೇ ಒಂದು ತಯಾರಿ ಮಾಡಿಕೊಳ್ಳಬಹುದು. ನಮ್ಮ ಸೈಸ್ ಈಗ ದಿನಾ ಮರಿಗಳ ಮೂತಿ ಸವರುತ್ತಾನೆ, ಹೊಳ್ಳೆಯ ಅಂಚಿಗೆ ಬೆರಳು ಮುಟ್ಟಿಸಿ ಅಭ್ಯಾಸ ಮಾಡಿಸುತ್ತಾನೆ. ಸ್ಕೋಪಿನ ದಿನ ಮರಿಯ ಅರ್ಧ ಭಯ ಅಲ್ಲೇ ಕಳೆದಿರುತ್ತದೆ.

ಕೆಂದು ಮರಿಯನ್ನು ಹರಾಜಿಗೆ ಕಳಿಸಲಿಲ್ಲ. ದರ್ಜೆ ಬರೆದೇ ಕಳಿಸಬಹುದಿತ್ತು, ಕಡಿಮೆ ಬೆಲೆಗೆ ಯಾರಾದರೂ ಕೊಳ್ಳುತ್ತಿದ್ದರು. ಆದರೆ ಅದರ ಗಂಟಲಿನ ಕಥೆ ಗೊತ್ತಿಲ್ಲದ ಇನ್ನೊಬ್ಬರ ಕೈಗೆ ಅದು ಮುಂದೆ ಹೋಗಿ, ಉಸಿರು ಸಿಗದೆ ಓಡುವಾಗ ಸೋಮಾರಿ ಅಂತ ಚಾಟಿ ತಿನ್ನುವುದು ಬೇಡ ಅನ್ನಿಸಿತು. ಬರುವ ವರ್ಷ ಜೀನು ಹಾಕಿ, ಮೆಲ್ಲಗೆ ಓಟಕ್ಕೆ ಹಚ್ಚಿ, ಓಡುವಾಗಿನ ಸ್ಕೋಪ್ ಮಾಡಿಸಬೇಕು. ಅದಕ್ಕೂ ಇದೇ ಡಾಕ್ಟರಮ್ಮನಿಗೇ ಹೇಳಿಟ್ಟಿದ್ದೇನೆ, ಅವರ ಪುಸ್ತಕದಲ್ಲಿ ಆ ಮರಿಯ ಹೆಸರಿನ ಮುಂದೆ ಒಂದು ಪುಟ ಖಾಲಿ ಬಿಟ್ಟುಕೊಂಡು ಹೋಗಿದ್ದಾರೆ.